ಟಾಪ್ ಇಲ್ಲದ ಗಾಡಿಯಲ್ಲಿ ಧಾರೆಗೆ ಹೊರಟದ್ದು

ಬ್ಲ್ಯಾಕ್‌ಟೌನ್

ಹೂ ಕೊಳ್ಳಲು ಬರುವವರೆಲ್ಲ ಆಸ್ಟ್ರೇಲಿಯಾ ಹೇಗಿತ್ತು, ಆಸ್ಟ್ರೇಲಿಯಾ ಹೇಗಿತ್ತು ಅಂತ ನನ್ನ ತಲೆ ತಿನ್ನುತ್ತಿದ್ದಾರೆ. ಒಂದು ಮೊಳ ಸೇವಂತಿಗೆಗೆ ಅರ್ಧ ಗಂಟೆಯ ಕಥೆ ಯಾರು ಹೇಳುತ್ತಾರೆ? ಅದಕ್ಕೆ ಬರೆದಿಡುತ್ತಿದ್ದೇನೆ, ಓದಿಕೊಳ್ಳಿ. ಕಾಂಗರೂ ನೋಡಿದೆಯಾ ಅಂದರೆ, ನೋಡಿದೆ, ರಸ್ತೆ ಪಕ್ಕ ಸತ್ತು ಬಿದ್ದಿತ್ತು. ಸಿಡ್ನಿಯ ಆ ಬಿಳಿ ಚಿಪ್ಪಿನ ಕಟ್ಟಡ ನೋಡಿದೆಯಾ ಅಂದರೆ, ಅದನ್ನೂ ನೋಡಿದೆ. ಚೆನ್ನಾಗಿದೆ. ಆದರೆ ಆ ದೇಶದಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ನನ್ನ ಮಗನ ಕಾರನ್ನು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾನು ಹೋದದ್ದು ಮಗಳು ಸುಮಾಳ ಮದುವೆಗೆ. ಎರಡನೇ ಮದುವೆ. ಮುಚ್ಚಿಡುವಂಥದ್ದು ಏನೂ ಇಲ್ಲ. ಮೊದಲನೆಯವನು ಕೈ ಮಾಡುತ್ತಿದ್ದ, ಇವಳು ಬಿಟ್ಟು ಬಂದಳು. ಈಗ ಮೆಲ್ಬರ್ನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕಡೆ ಕೆಲಸ. ಅಲ್ಲೇ ನರ್ಸ್ ಆಗಿರುವ ಹರೀಶ ಅನ್ನುವ ಹುಬ್ಬಳ್ಳಿ ಕಡೆಯ ಹುಡುಗ ಅವಳನ್ನು ಮೆಚ್ಚಿದ. ಹುಡುಗ ಅನ್ನುವುದೇನು ಬಂತು, ತಲೆ ಅರ್ಧ ನರೆತಿದೆ. ಇಬ್ಬರೂ ಒಪ್ಪಿದ ಮೇಲೆ ಸುಮಾ ನನಗೆ ಫೋನ್ ಮಾಡಿದಳು.

"ಅಮ್ಮ, ಈ ಸಲ ಧಾರೆ ನೀನೇ ಎರೀಬೇಕು."

"ಹುಚ್ಚು ಹಿಡೀತೇನೇ? ಗಂಡ ಇಲ್ಲದೋಳು ನಾನು."

"ಗೊತ್ತು. ಮೊದಲನೇ ಸಲ ನಿನ್ನ ಊಟದ ಹಾಲ್ ಬಾಗಿಲಲ್ಲಿ ನಿಲ್ಲಿಸಿದ್ರು. ನಾನು ಮಂಟಪದಿಂದ ನೋಡ್ತಾನೇ ಇದ್ದೆ. ನೀನು ಎರೀತೀಯ ಅಂದ್ರೆ ಧಾರೆ, ಇಲ್ಲಾಂದ್ರೆ ಬೇಡ. ಇನ್ಯಾರೋ ಬಂದು ನನ್ನ ಕೊಡೋದು ಸಾಕು."

ನಿಜ. ಆವತ್ತು ಗಂಡು ಹೆಣ್ಣಿನ ಹಾರ ಎರಡನ್ನೂ ಕಟ್ಟಿದವಳು ನಾನೇ. ಹಾರ ಮಂಟಪಕ್ಕೆ ಹೋಯಿತು, ನಾನು ಹೋಗಲಿಲ್ಲ. ಧಾರೆ ಎರೆದದ್ದು ಅವಳ ದೊಡ್ಡಪ್ಪ, ದೊಡ್ಡಮ್ಮ. ನಮ್ಮ ಕಡೆ ಹಾಗೆಯೇ. ಹೆಣ್ಣಿನ ಕೈಯನ್ನು ಗಂಡಿನ ಕೈಯಲ್ಲಿಟ್ಟು ನೀರು ಬಿಡಲು ಗಂಡ ಹೆಂಡತಿ ಜೋಡಿ ಬೇಕು. ಹೆತ್ತವಳು ಒಂಟಿಯಾದರೆ ಹಿಂದೆ ನಿಲ್ಲಬೇಕು. ಇಷ್ಟು ವರ್ಷ ಅದನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಅವಳು ಆಡಿದಳು. ಮಾರನೆಯ ದಿನವೇ ಪಾಸ್‌ಪೋರ್ಟ್ ಮಾಡಿಸಲು ಹೋದೆ.

ಮೊದಲು ಇಳಿದದ್ದು ಸಿಡ್ನಿಯಲ್ಲಿ, ಮಗ ಮಂಜುವಿನ ಮನೆಗೆ. ಅವನಿರುವುದು ಬ್ಲ್ಯಾಕ್‌ಟೌನ್‌ನಲ್ಲಿ, ಗಾಡಿ ರಿಪೇರಿಯ ಗ್ಯಾರೇಜ್ ಇಟ್ಟುಕೊಂಡಿದ್ದಾನೆ. ಬ್ಲ್ಯಾಕ್‌ಟೌನ್ ಅಂದರೆ ಅರ್ಧ ನಮ್ಮವರೇ. ಕರಿಬೇವು, ನುಗ್ಗೆಕಾಯಿ ಎಲ್ಲ ಸಿಗುತ್ತದೆ. ಒಂದು ಅಂಗಡಿಯಲ್ಲಿ ಮಲ್ಲಿಗೆಯೂ ಇತ್ತು. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಿಂದ ತೆಗೆದುಕೊಟ್ಟರು, ಮೂಸಿದರೆ ಫ್ರಿಜ್ಜಿನ ವಾಸನೆ. ಅಲ್ಲಿನ ಬಿಳಿಯರು ಬರಿಗಾಲಲ್ಲೇ ಅಂಗಡಿಗೆ ಬರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ನಾನು ಚಪ್ಪಲಿ ಬಿಟ್ಟು ಹಿತ್ತಲಿಗೆ ಇಳಿದರೆ ಮಾತ್ರ ಸೊಸೆ ರೂಪಾ "ಅತ್ತೆ, ಜೇಡ ಇರತ್ತೆ, ಶೂ ಹಾಕ್ಕೊಳ್ಳಿ" ಅಂತ ಓಡಿ ಬರುತ್ತಿದ್ದಳು.

ಕಾರಿನ ಮಾತಿಗೆ ಬರುತ್ತೇನೆ. ಅಮೆರಿಕದ ಕಾರು. ಅರವತ್ತರ ದಶಕ ಶುರುವಾದಾಗ ಮಾಡಿದ್ದಂತೆ. ತಲೆಯ ಮೇಲೆ ಬಟ್ಟೆಯ ಟಾಪು, ಬೇಡವೆಂದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಎಂಟು ಸಿಲಿಂಡರ್. ಉದ್ದ ಎಷ್ಟೆಂದರೆ, ಮೂತಿ ಗೇಟು ದಾಟಿ ಎಷ್ಟೋ ಹೊತ್ತಾದ ಮೇಲೆ ಬಾಲ ದಾಟುತ್ತದೆ. ಯಾವುದೋ ರೈತನ ಶೆಡ್ಡಿನಲ್ಲಿ ತುಕ್ಕು ಹಿಡಿದು, ಒಳಗೆ ಕೋಳಿ ಮೊಟ್ಟೆಯಿಡುತ್ತಿದ್ದ ಗಾಡಿಯನ್ನು ತಂದು ಮಂಜು ವರ್ಷಗಟ್ಟಲೆ ಬಿಚ್ಚಿ, ತಿಕ್ಕಿ, ವೆಲ್ಡಿಂಗ್ ಮಾಡಿ, ಬಣ್ಣ ಹೊಡೆದು ಎಬ್ಬಿಸಿದ್ದಾನೆ. ಟೊಮ್ಯಾಟೊ ಕೆಂಪು, ಕೆನೆ ಬಣ್ಣದ ಚರ್ಮದ ಸೀಟು, ಮುಖ ನೋಡಿಕೊಂಡು ಬೊಟ್ಟು ಇಡಬಹುದಾದಂಥ ಬಂಪರ್. ಸುಳ್ಳು ಯಾಕೆ ಹೇಳಲಿ, ನೋಡಲು ಚೆನ್ನಾಗಿಯೇ ಇತ್ತು. ಗ್ಯಾರೇಜಿನಲ್ಲಿ ಅದಕ್ಕೊಂದು ಮೆತ್ತನೆಯ ಹೊದಿಕೆ, ತೇವ ಹೀರುವ ಮೆಷಿನ್. ನನ್ನ ರೂಮಿನ ಹೀಟರ್ ಕೆಟ್ಟಿತ್ತು. "ನೋಡ್ತೀನಿ ಅಮ್ಮ" ಅಂದ. ನೋಡಲಿಲ್ಲ.

ರೂಪಾ ಮತ್ತು ಮೊಮ್ಮಗಳು ಇಂಚರ ಮದುವೆಗೆ ವಿಮಾನದಲ್ಲಿ ಹೋಗುವವರಿದ್ದರು. ನಾನೂ ಅವರ ಜೊತೆಗೇ ಅಂದುಕೊಂಡಿದ್ದೆ.

"ಅಮ್ಮ ನನ್ ಜೊತೆ ಗಾಡೀಲಿ ಬರ್ತಾಳೆ. ದೇಶ ನೋಡ್ದಂಗಾಗತ್ತೆ," ಅಂದ ಮಂಜು.

"ರೀ, ಅಷ್ಟು ದೂರ ಅತ್ತೆ ಬೆನ್ನು ಏನಾಗ್ಬೇಕು?" ಅಂದಳು ರೂಪಾ.

ಇಂಚರಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷ್. "ಅಜ್ಜಿ, ಡೋಂಟ್ ಗೋ. ಹೀ ಸ್ಟಾಪ್ಸ್ ಎವ್ರಿವೇರ್," ಅಂದಳು.

"ಏನಂತೆ?" ಅಂತ ರೂಪಾಳನ್ನು ಕೇಳಿದೆ.

"ಹೋಗ್ಬೇಡಿ, ಅವರಪ್ಪ ಸಿಕ್ಕಿದ ಕಡೆಯೆಲ್ಲ ನಿಲ್ಲಿಸ್ತಾರೆ ಅಂತಿದಾಳೆ ಅತ್ತೆ."

ನಾನು ಕೇಳಲಿಲ್ಲ. ಮಗನ ಪಕ್ಕ ಎರಡು ದಿನ ಕೂತು ಮಾತಾಡಬಹುದು ಅನ್ನುವ ಆಸೆ.

ಗೋಲ್ಬರ್ನ್

ಮುಹೂರ್ತ ಇದ್ದದ್ದು ಭಾನುವಾರ ಮಧ್ಯಾಹ್ನ ಊಟಕ್ಕೆ ಮುಂಚೆ. ಶನಿವಾರ ಬೆಳಿಗ್ಗೆ ಹೊರಟು, ದಾರಿಯಲ್ಲೊಂದು ಕಡೆ ಮಲಗಿ, ಭಾನುವಾರ ಹೊತ್ತಿಗೆ ಸರಿಯಾಗಿ ಸೇರುವುದು ಅಂತ ಮಾತಾಗಿತ್ತು. ನಾನು ಎದ್ದು ಸ್ನಾನ ಮಾಡಿ ರೆಡಿಯಾಗಿ ಕೂತರೆ ಮಂಜು, "ಈಗ ರಾಹುಕಾಲ ಅಮ್ಮ, ಕಳೀಲಿ," ಅಂದ. ನನಗೆ ಆಶ್ಚರ್ಯ. ಪರೀಕ್ಷೆಗೆ ಹೋಗುವಾಗ ದೇವರಿಗೆ ಕೈ ಮುಗಿಯೋ ಅಂದರೆ ಮುಖ ತಿರುಗಿಸಿ ಹೋಗುತ್ತಿದ್ದವನು ಇವನು. ವಯಸ್ಸಾಗುತ್ತಾ ಬುದ್ಧಿ ಬಂತು ಅಂದುಕೊಂಡೆ. ದಡ್ಡಿ ನಾನು.

ಗಾಡಿ ಹತ್ತುವುದಕ್ಕೆ ಮುಂಚೆ ಒಂದಷ್ಟು ಕಾನೂನು ಹೇಳಿದ. ಚಪ್ಪಲಿ ಒರೆಸಿಕೋ. ಒಳಗೆ ಏನೂ ತಿನ್ನಬೇಡ. ತಲೆಗೆ ಎಣ್ಣೆ ಹಚ್ಚಿದ್ದೀಯ, ಹಿಂದಕ್ಕೆ ಒರಗಬೇಡ. ಸೀಟಿನ ಮೇಲೆ ಟವೆಲ್ ಹಾಸಿ ನನ್ನನ್ನು ಅದರ ಮೇಲೆ ಕೂರಿಸಿದ. ಬೆನ್ನಿಗೆ ಆಸರೆಯಿಲ್ಲದೆ ನೆಟ್ಟಗೆ ಕೂತು ಮೆಲ್ಬರ್ನಿಗೆ ಹೋಗಬೇಕಂತೆ ಹೆತ್ತ ತಾಯಿ.

ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುತ್ತಾರೆ, ಸ್ಟಿಯರಿಂಗ್ ಬಲಕ್ಕೆ ಇರುತ್ತದೆ. ಈ ಗಾಡಿ ಅಮೆರಿಕದ್ದಲ್ಲವೇ, ಸ್ಟಿಯರಿಂಗ್ ಎಡಕ್ಕೆ. ಹಾಗಾಗಿ ಡ್ರೈವರ್ ಇರಬೇಕಾದ ಜಾಗದಲ್ಲಿ ನಾನು. ನಮ್ಮನ್ನು ದಾಟಿ ಹೋಗುವವರಿಗೆ ಕಾಣುವುದು ಏನು? ಸೀರೆ ಉಟ್ಟ ಮುದುಕಿ, ಎರಡೂ ಕೈ ಮಡಿಲಲ್ಲಿ, ಗಾಡಿ ತಾನೇ ತಾನಾಗಿ ಓಡುತ್ತಿದೆ. ಕೆಲವರು ಹೆದರಿ ದೂರ ಸರಿದರು. ಕೆಲವರು ಹಾರ್ನ್ ಹೊಡೆದು ಹೆಬ್ಬೆರಳು ಎತ್ತಿ ತೋರಿಸಿದರು. ಗಾಳಿಯಂತೂ ಕೆನ್ನೆಗೆ ಹೊಡೆದ ಹಾಗೆ. ತುರುಬಿಗೆ ಕೂದಲು ಸಾಲದೆ ಚೌರಿ ಇಟ್ಟುಕೊಂಡಿದ್ದೆ, ಅದು ಕಿತ್ತುಕೊಂಡು ಹಾರಿ ಹಿಂದೆ ಬರುತ್ತಿದ್ದ ಲಾರಿಯ ಗಾಜಿಗೆ ಅಂಟಿತು. ಆ ಲಾರಿಯವನು ಏನು ಪ್ರಾಣಿ ಅಂದುಕೊಂಡನೋ.

ಇನ್ನು ನಿಲ್ಲಿಸುವುದು. ಮೊಮ್ಮಗಳ ಮಾತು ನಿಜವೇ ಆಗಿತ್ತು. ಪೆಟ್ರೋಲ್ ಬಂಕ್ ಕಂಡರೆ ನಿಲ್ಲಿಸುವನು, ಟೀ ಅಂಗಡಿ ಕಂಡರೆ ನಿಲ್ಲಿಸುವನು. ನಿಂತ ಕೂಡಲೇ ಎಲ್ಲಿಂದಲೋ ಅರ್ಧ ಚಡ್ಡಿಯ ಮುದುಕರು ಬರುವರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬ್ಯೂಟಿಫುಲ್, ಮೇಟ್" ಅನ್ನುವರು. ಮಂಜು ಬಾನೆಟ್ ಎತ್ತುವನು. ಎಲ್ಲರೂ ಒಳಗೆ ತಲೆ ಹಾಕಿ ಸುಮ್ಮನೆ ನಿಲ್ಲುವರು, ಗರ್ಭಗುಡಿ ನೋಡಿದ ಹಾಗೆ. ಅವರ ಹೆಂಡಂದಿರು ಪಕ್ಕದಲ್ಲಿ ಐಸ್ ಕ್ರೀಮ್ ನೆಕ್ಕುತ್ತಾ ಕಾಯುವರು. ನಮ್ಮೂರಲ್ಲೂ ಯಾರಾದರೂ ಹೊಸ ಹಸು ತಂದರೆ ಜನ ಹೀಗೇ ಬಂದು ಹಲ್ಲು, ಕೆಚ್ಚಲು ನೋಡುತ್ತಾರೆ. ಹಸು ಹಾಲಾದರೂ ಕೊಡುತ್ತದೆ.

ಗೋಲ್ಬರ್ನ್ ಅನ್ನುವ ಊರಿನಲ್ಲಿ ಮನೆಗಿಂತ ಎತ್ತರದ ಸಿಮೆಂಟಿನ ಕುರಿ ಮಾಡಿ ನಿಲ್ಲಿಸಿದ್ದಾರೆ. ಅಷ್ಟು ದೊಡ್ಡ ಕುರಿ ಯಾಕೆ ಬೇಕಿತ್ತೋ ಅವರಿಗೇ ಗೊತ್ತು. ಅದರ ಮುಂದೆ ಒಬ್ಬ ಮುದುಕ ನನ್ನ ಹತ್ತಿರ ಬಗ್ಗಿ ಏನೋ ಹೇಳಿದ.

"ಇಂಥಾ ಮಗನ್ನ ಪಡೆದಿದ್ದಕ್ಕೆ ಹೆಮ್ಮೆ ಆಗಲ್ವಾ ಅಂತ ಕೇಳ್ತಿದಾರೆ ಅಮ್ಮ," ಅಂದ ಮಂಜು.

"ನನ್ ಮಗಳ ಮದುವೆ ಇದೆ, ದಾರಿ ಬಿಡಪ್ಪ ಅಂತ ಹೇಳು."

ಮಂಜು ನಗುತ್ತಾ ಏನೋ ಹೇಳಿದ. ಮುದುಕ "ಲವ್ಲಿ" ಅಂತ ಇನ್ನೊಂದು ಸುತ್ತು ಹಾಕಿದ. ನಾನು ಹೇಳಿದ್ದನ್ನು ಇವನು ಹೇಳಿರಲಿಲ್ಲ ಅನ್ನುವುದಕ್ಕೆ ಇಂಗ್ಲಿಷ್ ಬರಬೇಕಾಗಿಲ್ಲ.

"ಹೊರಡೋ ಸಾಕು," ಅಂದೆ.

"ಈಗ ರಾಹುಕಾಲ ಅಮ್ಮ."

"ಬೆಳಿಗ್ಗೆ ಆಯ್ತಲ್ಲೋ!"

"ಅದು ಇಲ್ಲೀದು. ಇದು ಇಂಡಿಯಾದ್ದು. ನೀನು ಇಂಡಿಯಾದೋಳಲ್ವಾ?"

"ಆ ರಾಹೂಗೆ ಇಲ್ಲಿಗೆ ಬರಕ್ಕೆ ವೀಸಾ ಕೊಟ್ಟೋರು ಯಾರೋ, ಕತ್ತೆ?"

ಅವನು ಕಿಸಕ್ಕನೆ ನಕ್ಕ, ಆದರೆ ಹೊರಡಲಿಲ್ಲ. ಅಷ್ಟರಲ್ಲಿ ನಾಲ್ಕು ಹನಿ ಬಿತ್ತು. ಇವನ ಮುಖ ಬಿಳಿಚಿಕೊಂಡಿತು. ಟಾಪಿನ ಸ್ವಿಚ್ ಒತ್ತಿದ. ಅದು ಗುರ್ ಅಂತ ಅರ್ಧ ಮೇಲೆದ್ದು ಅಲ್ಲೇ ನಿಂತಿತು, ಕೊಡೆ ಸಿಕ್ಕಿಹಾಕಿಕೊಂಡ ಹಾಗೆ. ಇವನು, ಆ ಮುದುಕ, ಇನ್ನಿಬ್ಬರು ಸೇರಿ ಎಳೆದರು, ತಳ್ಳಿದರು, ಸ್ಕ್ರೂ ಬಿಚ್ಚಿದರು. ಅದನ್ನು ಮುಚ್ಚುವಷ್ಟರಲ್ಲಿ ಮೋಡ ಹೋಗಿ ಬಿಸಿಲು ಬಂದಿತ್ತು. ಮತ್ತೆ ಮಡಚುವುದಕ್ಕೆ ಅಷ್ಟೇ ಹೊತ್ತು. ನಾನು ಸಿಮೆಂಟ್ ಕುರಿಯ ನೆರಳಿನಲ್ಲಿ ಕೂತು ತಂದಿದ್ದ ಚಿತ್ರಾನ್ನ ಒಬ್ಬಳೇ ತಿಂದು ಮುಗಿಸಿದೆ. ಅವನಿಗೆ ಉಳಿಸಲಿಲ್ಲ.

ಆಲ್ಬರಿ

ರಾತ್ರಿ ಮಲಗಲು ಆಲ್ಬರಿ ಅನ್ನುವ ಊರಿನ ಒಂದು ಲಾಡ್ಜಿನಲ್ಲಿ ಉಳಿದೆವು. ಅಲ್ಲಿಂದ ನದಿ ದಾಟಿದರೆ ಮೆಲ್ಬರ್ನಿನ ರಾಜ್ಯ. ಬೆಳಿಗ್ಗೆ ಎದ್ದು ಸ್ನಾನ ಮುಗಿಸಿ, ಮದುವೆಗೆಂದು ತಂದಿದ್ದ ಹಸಿರು ರೇಷ್ಮೆ ಸೀರೆ ಉಟ್ಟೆ. ಆ ರೂಮುಗಳಲ್ಲಿ ನೀರು ಕಾಯಿಸುವ ಕೆಟಲ್ ಇಟ್ಟಿರುತ್ತಾರೆ. ಎರಡು ಕಪ್ ಟೀ ಮಾಡಿಕೊಂಡು ಹೊರಗೆ ಬಂದೆ. ಮಂಜು ನನಗೆ ಬೆನ್ನು ಮಾಡಿ, ಮಂಡಿಯೂರಿ, ಬಂಪರ್ ಒರೆಸುತ್ತಿದ್ದ. ಕಿವಿಯಲ್ಲಿ ಫೋನಿನ ಬಿಳಿ ತುಂಡು.

"ಏನ್ ಮಾಡೋದು ಸುಮಾ, ರೇಡಿಯೇಟರ್ ಹೋಗಿದೆ. ಸಂಡೇ ಬೇರೆ, ಪಾರ್ಟ್ ಎಲ್ಲಿ ಸಿಗತ್ತೆ? ಇಲ್ಲ ಇಲ್ಲ, ಮುಹೂರ್ತ ತಪ್ಪಿಸ್ಬೇಡಿ. ಯಾರಾದ್ರೂ ಅಂಕಲ್ ಆಂಟಿ ಜೋಡಿ ಕೂರಿಸಿ ಮುಗಿಸ್ಬಿಡಿ. ಅಮ್ಮಂಗೆ ನಾನ್ ಹೇಳ್ಕೋತೀನಿ."

ಹೇಳುತ್ತಲೇ ಬಂಪರಿಗೆ ಬಾಯಿಂದ ಹಬೆ ಊದಿ ಮತ್ತೆ ಒರೆಸಿದ.

ನಾನು ಹತ್ತಿರ ಹೋಗಿ ಅವನ ಪಾಲಿನ ಟೀಯನ್ನು ಆ ಬಂಪರಿನ ಮೇಲೆ ಸುರಿದೆ.

ಬೆಚ್ಚಿ ಎದ್ದ. "ಅಮ್ಮ!"

"ರೇಡಿಯೇಟರ್ ಎಲ್ಲೋ ಇರೋದು? ತೋರ್ಸು ನೋಡೋಣ, ಎಷ್ಟು ಕೆಟ್ಟಿದೆ ಅಂತ."

"ಅಮ್ಮ, ಕೂಗ್ಬೇಡ, ಜನ ಮಲಗಿದಾರೆ."

"ಏಳ್ಲಿ. ಎರಡೆರಡು ರಾಹುಕಾಲ ಯಾಕೆ ಬಂತು ಅಂತ ಈಗ ತಿಳೀತು ನನಗೆ."

ಅವನು ಒರೆಸುವ ಬಟ್ಟೆಯನ್ನು ಕೈಯಲ್ಲಿ ಸುತ್ತುತ್ತಾ ನಿಂತ. ಆಮೇಲೆ ಒಂದೊಂದೇ ಮಾತು ಹೊರಬಂತು. "ನಿನ್ನ ಒಳ್ಳೇದಕ್ಕೇ ಅಮ್ಮ. ಇಲ್ಲಿನ ಕನ್ನಡ ಸಂಘದೋರೆಲ್ಲ ಬರ್ತಾರೆ. ಮೊದಲನೇ ಮದುವೆ ಹಂಗಾಯ್ತು. ನೀನು ಎರೆದು, ನಾಳೆ ಇದ್ರಲ್ಲೂ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಅಮ್ಮನ ಕೈಗುಣ ಅಂತಾರೆ. ನನ್ ಹೆಂಡ್ತಿ ನಾನು ಇಲ್ವಾ? ನಮ್ಮನ್ನಾದ್ರೂ ಕೂರಿಸ್ಬೋದಿತ್ತಲ್ಲ? ಒಂದು ಮಾತು ಕೇಳಿದ್ಲಾ ಅವ್ಳು?"

ಅಲ್ಲಿಗೆ ಬಂತು. ನನ್ನ ಕೈಗುಣ ಅಲ್ಲ, ಅವನ ಮರ್ಯಾದೆ.

"ಮೊದಲನೇದಕ್ಕೆ ಎರೆದೋರು ಯಾರು? ನಿಮ್ ದೊಡ್ಡಪ್ಪ ದೊಡ್ಡಮ್ಮ. ಜೋಡಿ. ಮುತ್ತೈದೆ. ಆ ಕೈಗುಣ ಏನಾಯ್ತು ನೋಡಿದ್ಯಲ್ಲ? ಯಾವನಾದ್ರೂ ಅವರನ್ನ ಒಂದು ಮಾತು ಅಂದ್ನಾ? ಈ ಕೈಯಲ್ಲಿ ಹೂ ಕಟ್ಟಿ ಮಾರಿ ನಿನ್ನ ಓದ್ಸಿ ಇಲ್ಲಿಗೆ ಕಳ್ಸಿದ್ನಲ್ಲ, ಆವಾಗ ಕೈಗುಣ ಚೆನ್ನಾಗಿತ್ತಾ?"

ಪಕ್ಕದ ರೂಮಿನ ಬಾಗಿಲು ತೆರೆದು ಒಬ್ಬ ಬಿಳಿಯ ಹೆಂಗಸು ಇಣುಕಿದಳು. ನನ್ನ ಮುಖ ನೋಡಿ ಒಳಗೆ ಹೋದಳು.

ನಾನು ಗಾಡಿ ಹತ್ತಿದೆ. ಟವೆಲ್ ಎತ್ತಿ ಹಿಂದಕ್ಕೆ ಎಸೆದು, ಎಣ್ಣೆ ಹಚ್ಚಿದ ತಲೆಯನ್ನು ಆ ಕೆನೆ ಬಣ್ಣದ ಸೀಟಿಗೆ ಚೆನ್ನಾಗಿ ಒತ್ತಿ ಕೂತೆ. "ಕಂಡಕಂಡವರಿಗೆಲ್ಲ ಬಾನೆಟ್ ಎತ್ತಿ ಎಂಟು ಸಿಲಿಂಡರ್ ತೋರ್ಸಿದ್ಯಲ್ಲ. ಈಗ ನಂಗೆ ತೋರ್ಸು. ಅವಳಿಗೆ ಫೋನ್ ಮಾಡು, ಬರ್ತಿದೀವಿ ಅಂತ."

ಅವನು ಫೋನ್ ಮಾಡಿದ. "ಹೆಂಗೋ ರಿಪೇರಿ ಆಯ್ತು ಸುಮಾ," ಅಂದ. ಅಲ್ಲಿಯೂ ನಿಜ ಹೇಳಲಿಲ್ಲ. ಆಗ ನನಗೆ ಬೇಕಾಗಿದ್ದದ್ದು ರಸ್ತೆ.

ಸೀಮೋರ್ ದಾಟಿದ ಮೇಲೆ

ಗಾಡಿ ಓಡಿತು. ಆ ಮಾತು ಒಪ್ಪಬೇಕು. ಹಿಂದಿನ ದಿನ ಎಲ್ಲೂ ಕೇಳದ ಸದ್ದೊಂದು ಅದರ ಹೊಟ್ಟೆಯಿಂದ ಬಂತು. ಎರಡೂ ಕಡೆ ಬಯಲು, ದನ, ಒಣಗಿದ ಬಿಳಿ ಮರಗಳು ಹಿಂದೆ ಹೋದವು.

ಸೀಮೋರ್ ಅನ್ನುವ ಊರು ದಾಟಿದ ಮೇಲೆ ಮುಂದೆ ಆಕಾಶ ಹಂಚಿನ ತಳದ ಹಾಗೆ ಕಪ್ಪಾಗಿತ್ತು. ಮಂಜು ವೇಗ ಇಳಿಸಿದ.

"ಅಮ್ಮ, ಟಾಪ್ ಹಾಕ್ಬೇಕು."

"ಎಷ್ಟೊತ್ತಾಗತ್ತೆ?"

"ನಿನ್ನೆ ನೋಡಿದ್ಯಲ್ಲ."

"ಹಂಗಾದ್ರೆ ನಡಿ."

"ಸೀಟು ಹೋಗತ್ತೆ ಅಮ್ಮ. ಕಾರ್ಪೆಟ್, ವೈರಿಂಗ್, ಎಲ್ಲ. ಮತ್ತೆ ಮಾಡಕ್ಕೆ ನನ್ ಕೈಲಿ ಆಗಲ್ಲ."

"ನಿಲ್ಸು. ನಿಲ್ಸಿ ನಿಧಾನಕ್ಕೆ ಟಾಪ್ ಹಾಕ್ಕೋ. ನಾನು ಇಳಿದು, ಯಾವ್ದಾದ್ರೂ ಲಾರಿಗೆ ಕೈ ಅಡ್ಡ ಹಾಕಿ ಹೋಗ್ತೀನಿ."

ಸೀಟ್ ಬೆಲ್ಟ್ ಬಿಚ್ಚಿದೆ. ಅವನು ನನ್ನ ಕೈ ನೋಡಿದ. ನಿಲ್ಲಿಸಲಿಲ್ಲ.

ಮಳೆ ಮುಖಕ್ಕೆ ರಾಗಿ ಎರಚಿದ ಹಾಗೆ ಬಡಿಯಿತು. ಮೊದಲು ಸೀಟಿನ ಬಣ್ಣ ಬದಲಾಯಿತು, ಆಮೇಲೆ ಕಾಲಡಿಯಲ್ಲಿ ನೀರು ನಿಂತಿತು. ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸಿನವರು ಕಿಟಕಿಗೆ ಮೂಗು ಒತ್ತಿ ನಮ್ಮನ್ನು ನೋಡಿದರು. ಹಸಿರು ರೇಷ್ಮೆ ಮೈಗೆ ಅಂಟಿ ಹಗ್ಗದಂತಾಯಿತು. ಹಲ್ಲು ಕಟಕಟ ಅನ್ನುತ್ತಿತ್ತು. ಮಂಜು ಎರಡು ಸಲ ಸೀಟನ್ನು ಅಂಗೈಯಿಂದ ಮುಟ್ಟಿ ನೋಡಿದ, ಜ್ವರ ಬಂದ ಮಗುವನ್ನು ಮುಟ್ಟಿದ ಹಾಗೆ. ನನಗೆ ಅಯ್ಯೋ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಅಂತ ಈಗಲೂ ಅನ್ನಿಸುವುದಿಲ್ಲ.

ವೆರಿಬೀ

ಮೆಲ್ಬರ್ನಿನ ಅಂಚಿನಲ್ಲಿರುವ ವೆರಿಬೀಯ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ. ಅವುಗಳ ನಡುವೆ ಒಂದು ಹಾಲ್. ಗಾಡಿ ನಿಲ್ಲುವ ಮೊದಲೇ ಇಳಿದು ಒಳಗೆ ಓಡಿದೆ. ಮಂಜು ಬರಲಿಲ್ಲ, ಡಿಕ್ಕಿಯಿಂದ ಬಟ್ಟೆ ತೆಗೆದು ಸೀಟು ಒರೆಸಲು ಶುರುಮಾಡಿದ್ದ.

ಸುಮಾ ಮಂಟಪದಲ್ಲಿ ಕೂತಿದ್ದಳು. ಅವಳ ಪಕ್ಕ ನನಗೆ ಪರಿಚಯವಿಲ್ಲದ ಅಂಕಲ್ ಆಂಟಿ ಒಂದು ಜೋಡಿ, ಮುಹೂರ್ತ ಮೀರುತ್ತದೆಂದು ಪುರೋಹಿತರು ಆಗಲೇ ಕೂರಿಸಿದ್ದರು. ತಂಬಿಗೆ ಆ ಹೆಂಗಸಿನ ಮುಂದಿತ್ತು. ಸುಮಾ ಕೈ ಮಾತ್ರ ಮುಂದೆ ಚಾಚಿರಲಿಲ್ಲ, ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.

ಎಲ್ಲರೂ ನನ್ನ ಕಡೆ ತಿರುಗಿದರು. ನಡೆದ ಜಾಗದಲ್ಲೆಲ್ಲ ನೀರು.

"ಆಂಟಿ, ಮೊದ್ಲು ಸೀರೆ ಚೇಂಜ್ ಮಾಡ್ಕೊಳ್ಳಿ, ಕೋಲ್ಡ್ ಆಗತ್ತೆ," ಅಂದಳು ಯಾರೋ.

"ಆಮೇಲೆ," ಅಂದೆ.

ಪುರೋಹಿತರು ನನ್ನ ಹಣೆ ನೋಡಿದರು, ಕೊರಳು ನೋಡಿದರು. "ಅಮ್ಮಾ, ದಂಪತಿಗಳು ಎರೀಲಿ. ನೀವು ಹಿಂದೆ ನಿಂತು ಆಶೀರ್ವಾದ ಮಾಡಿ, ಅದೂ ಅಷ್ಟೇ ಫಲ."

ನಾನು ಬಾಯಿ ತೆರೆಯುವ ಮೊದಲೇ ಹರೀಶ ತಲೆಯ ಪೇಟ ಸರಿಮಾಡಿಕೊಂಡು ಹೇಳಿದ, "ಆಚಾರ್ರ, ನಮ್ಮ ಅತ್ತಿಯವರ ಎರೀತಾರ. ಇಲ್ಲಂದ್ರ ನಾವಿಬ್ರೂ ಹಿಂಗ ಕುಂತಿರ್ತೀವಿ. ನಮಗೇನ್ ಅವಸರ ಇಲ್ರಿ."

ಆ ಆಂಟಿ ತಾನಾಗಿಯೇ ಎದ್ದು ತಂಬಿಗೆ ನನ್ನ ಕೈಗಿಟ್ಟಳು. ಒಳ್ಳೆಯ ಹೆಂಗಸು, ಹೆಸರು ಕೇಳುವುದು ಮರೆತೆ.

ನಾನು ಎಡಗೈಯಲ್ಲಿ ಸುಮಾಳ ಕೈ ಹಿಡಿದು ಹರೀಶನ ಕೈಯಲ್ಲಿಟ್ಟೆ. ಬಲಗೈಯಲ್ಲಿ ನೀರು ಬಿಟ್ಟೆ. ಸ್ವಲ್ಪ ಅವನ ಪಂಚೆಯ ಮೇಲೆ ಬಿತ್ತು, ಅಷ್ಟೇ. ಜೋಡಿಯೇ ಬೇಕು ಅನ್ನುವ ಕೆಲಸ ಅದರಲ್ಲಿ ಏನೂ ಇಲ್ಲ. ಎರಡು ಕೈ ಇದ್ದರೆ ಸಾಕು.

ಊಟಕ್ಕೆ ಕೂರುವಷ್ಟರಲ್ಲಿ ರೂಪಾ ನನಗೆ ಬೇರೆ ಒಣ ಸೀರೆ ಉಡಿಸಿದ್ದಳು. ಮಂಜು ಬಂದು ನನ್ನ ಎದುರಿಗೆ ಕೂತ. ಸುಮಾ ಊಟ ಬಿಟ್ಟು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು.

"ಥ್ಯಾಂಕ್ಸ್ ಅಣ್ಣ. ಅಷ್ಟು ಕಷ್ಟಪಟ್ಟು ರಿಪೇರಿ ಮಾಡಿ, ಮಳೇಲಿ ನೆನ್ಕೊಂಡು ಅಮ್ಮನ್ನ ಕರ್ಕೊಂಡ್ ಬಂದ್ಯಲ್ಲ. ನಿನ್ನ ಸೀಟೆಲ್ಲ ಹಾಳಾಯ್ತಂತೆ." ಅವಳ ಕಣ್ಣಲ್ಲಿ ನೀರು.

ಮಂಜು ಪಾಯಸ ಕಲಸುತ್ತಾ ಕೂತ. ಕಲಸಿದ್ದನ್ನೇ ಕಲಸಿದ.

"ನೀನ್ ಹೇಳ್ತೀಯೋ, ನಾನ್ ಹೇಳ್ಲೋ?" ಅಂದೆ.

ಮಗಳ ಮದುವೆಯ ದಿನ ಸುಮ್ಮನಿರಬಹುದಿತ್ತು ಅಂತ ರೂಪಾ ಆಮೇಲೆ ಹೇಳಿದಳು. ಸುಮಾ ಇನ್ನೊಂದು ಸುಳ್ಳಿಗೆ ಕೈ ಮುಗಿಯುವುದನ್ನು ನೋಡಿಕೊಂಡಿರಲು ನನ್ನಿಂದ ಆಗಲಿಲ್ಲ.

"ರೇಡಿಯೇಟರ್‌ಗೆ ಏನೂ ಆಗಿರ್ಲಿಲ್ಲ ಸುಮಾ," ಅಂದ ಮಂಜು, ತಟ್ಟೆ ನೋಡುತ್ತಾ.

"ಮತ್ತೆ?"

ಅವಳು ಒಮ್ಮೆ ನನ್ನ ಮುಖ ನೋಡಿದಳು. ನಿಧಾನಕ್ಕೆ ಅವನ ಹೆಗಲ ಮೇಲಿನ ಕೈ ತೆಗೆದುಕೊಂಡಳು. ಹೋಗಿ ಹರೀಶನ ಪಕ್ಕ ಕೂತು ಉಳಿದ ಅನ್ನ ಊಟ ಮಾಡಿದಳು.

ಹೊರಗೆ ಬಂದಾಗ ಬಿಸಿಲು ಬಿದ್ದಿತ್ತು. ಹಾಲಿನಲ್ಲಿದ್ದವರೆಲ್ಲ ಆ ಕೆಂಪು ಗಾಡಿಯ ಸುತ್ತ ಸೇರಿದ್ದರು. ಒಬ್ಬೊಬ್ಬರಾಗಿ ಒರಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. "ಗಂಡು ಹೆಣ್ಣು ಇದ್ರಲ್ಲೇ ಹೋಗ್ಲಿ, ಸಿನಿಮಾ ಥರ ಇರತ್ತೆ," ಅಂತ ಯಾರೋ ಕೂಗಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಮಂಜು ಒದ್ದೆ ಸೀಟಿನ ಮೇಲೆ ತನ್ನ ಕೋಟು ಹಾಸಿ, ಬಾಗಿಲು ತೆರೆದು ಹಿಡಿದ.

"ಬಾರೇ ಸುಮಾ," ಅಂದ. ದನಿ ಅವನದೇ ಅಲ್ಲದ ಹಾಗಿತ್ತು.

ಸುಮಾ ಗಾಡಿಯ ಉದ್ದಕ್ಕೂ ನಡೆದಳು, ಮೂತಿಯಿಂದ ಬಾಲದವರೆಗೆ, ಮುಟ್ಟಲಿಲ್ಲ. ಅದರ ಹಿಂದೆ ಹರೀಶನ ಸಣ್ಣ ಬಿಳಿ ಕಾರು ನಿಂತಿತ್ತು, ಒಂದು ಕಡೆ ಜಜ್ಜಿದ್ದು. ಅದರಲ್ಲಿ ಹೋಗಿ ಕೂತು ಗಾಜು ಇಳಿಸಿ ಕರೆದಳು.

"ಅಮ್ಮ, ಬಾ."

ನಾನು ಹೋಗಿ ಅವಳ ಪಕ್ಕ ಕೂತೆ. ಹರೀಶ ಗಾಡಿ ಹೊರಡಿಸಿದಾಗ ಫೋಟೊಗೆ ನಿಂತಿದ್ದವರು ಸರಿದು ದಾರಿ ಬಿಟ್ಟರು. ಮಂಜು ತೆರೆದ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದ. ನಾವು ತಿರುವು ದಾಟುವವರೆಗೂ ಅವನು ಅದನ್ನು ಮುಚ್ಚಲಿಲ್ಲ.